ಕೊರ್ತಿ–ಕೊಲ್ಹಾರ ಸೇತುವೆ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಕೃಷ್ಣೆಯನ್ನು ದಾಟುವುದು ಇಲ್ಲಿ. ಈಚೆ ದಂಡೆಯ ಕೊಲ್ಹಾರ ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನ ಊರು, ಈಗ ತಾನೇ ತಾಲ್ಲೂಕು ಕೇಂದ್ರ. ಆಚೆ ದಂಡೆಯ ಕೊರ್ತಿ ಬಾಗಲಕೋಟೆ ಜಿಲ್ಲೆಯದು. ಎರಡನ್ನೂ ಕೂಡಿಸುವ ಸೇತುವೆಯ ಉದ್ದ ಸುಮಾರು 3 ಕಿ.ಮೀ.

ಮೊದಲು ಹೊಳೆ ಇಷ್ಟು ಅಗಲವಿರಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರಿ ಹಳೆಯ ಕೊಲ್ಹಾರ ಮುಳುಗಿತು. ತಗ್ಗಿನಲ್ಲಿದ್ದ ಹಳೆಯ ಸೇತುವೆ ಸಾಲದಾಯಿತು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮನೆ, ಹೊಲ ಬಿಟ್ಟು ಎತ್ತರದ ನೆಲಕ್ಕೆ ಬಂದವರನ್ನು ನೆನೆಯದೆ ಈ ಸೇತುವೆಯ ಕಥೆ ಹೇಳಲಾಗದು.

ಇಷ್ಟು ದೊಡ್ಡ ಹೊಳೆಗೆ ಒಂದೇ ಭಾರಿ ಕಮಾನು ಏಕಿಲ್ಲ? ಕಮಾನು ತನ್ನ ಮೇಲಿನ ಭಾರವನ್ನು ಎರಡೂ ಬದಿಗೆ ಒತ್ತುತ್ತದೆ. ಆ ಒತ್ತಡ ತಡೆಯಲು ದಂಡೆಗಳಲ್ಲಿ ಗಟ್ಟಿ ಬಂಡೆ ಬೇಕು, ದಂಡೆಗಳೂ ಹತ್ತಿರವಿರಬೇಕು. ಕಡಿದಾದ ಕಣಿವೆಗೆ ಅದು ಒಪ್ಪುತ್ತದೆ. ಹರವಾದ ಹಿನ್ನೀರಿಗೆ ಸಾಲುಗಂಬಗಳೇ ಸರಿ. ಪ್ರತಿ ಕಂಬವೂ ತನ್ನ ಪಾಲಿನ ಭಾರವನ್ನು ನೇರ ತಳಕ್ಕಿಳಿಸುತ್ತದೆ.

ದಾಟುವ ಮುನ್ನ ಕೊಲ್ಹಾರದ ಮೊಸರು ಸವಿಯಿರಿ. ಪುಟ್ಟ ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಈ ಕೆನೆ ಮೊಸರು ಗಡಿಗೆ ಬೋರಲು ಹಿಡಿದರೂ ಬೀಳದಷ್ಟು ಗಟ್ಟಿ.