ಉದಕಮಂಡಲದ ಹಳೆಯ ಕಸುಬುಗಳು: ಗಂಡಸರ ಪಟ್ಟಿ, ಹೆಂಗಸರ ಮಾತು

ನೀಲಗಿರಿಯ ಕನ್ನಡವನ್ನು ಕುರಿತ ಗೋಷ್ಠಿಗಳಲ್ಲಿ ಧ್ವನಿ, ಪ್ರತ್ಯಯ, ಸರ್ವನಾಮಗಳ ವಿಚಾರ ಸಾಕಷ್ಟು ನಡೆದಿದೆ. ಬಡಗರ ಮಾತಿನ ಸ್ವರಗಳನ್ನು ಕುರಿತು ಎಮನೋ ಅವರು 1939ರಲ್ಲಿಯೇ ಬರೆದರು. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೈಚೂರ್ ಅವರ ಬಡಗ ನಿಘಂಟು 1992ರಲ್ಲಿ ಹೊರಬಂತು. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ವಾದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ನಾನು ಸಂಸ್ಕೃತದ ಮೇಷ್ಟ್ರು. ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಶಬ್ದರೂಪ, ಧಾತುರೂಪ ಬಾಯಿಪಾಠ ಮಾಡಿಸಿದವನು. ಆ ಅಭ್ಯಾಸಬಲದಿಂದ, ದೊರೆಗಳ ಕಾಲದ ಉದಕಮಂಡಲದಲ್ಲಿ ಗಂಡಸರು ಹೆಂಗಸರು ಯಾವ ಯಾವ ಕಸುಬು ಮಾಡುತ್ತಿದ್ದರು ಎಂಬುದನ್ನು ಕಸುಬಿನ ಹೆಸರುಗಳ ಕಡೆಯಿಂದ ನೋಡಲು ಇಲ್ಲಿ ಪ್ರಯತ್ನಿಸಿದ್ದೇನೆ. ಸರ್ಕಾರದ ಲೆಕ್ಕದಲ್ಲಿ ಬಿಟ್ಟುಹೋದ ಹೆಂಗಸರ ದುಡಿಮೆ ಜನರ ಮಾತಿನಲ್ಲಿ ಉಳಿದಿದೆ. ಆ ಮಾತನ್ನಾಡುವವರು ಈಗ ಬಹಳ ಮಂದಿ ಇಲ್ಲ. ನಾನು ಹೇಳಬೇಕಾದದ್ದು ಇಷ್ಟೇ.

ಮೊದಲು ಊರು ಬೆಳೆದ ಬಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬೆಟ್ಟಸೀಮೆ ಕಂಪನಿಯ ಕೈಗೆ ಹೋಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಮೂರು ನಾಲ್ಕು ವರ್ಷದೊಳಗೆ ಒತ್ತೆಕಲ್‌ಮಂದಿನಲ್ಲಿ ಅವನ ಕಲ್ಲುಬಂಗಲೆ ಎದ್ದಿತು. ಸಂತ ಸ್ಟೀಫನ್ನರ ಇಗರ್ಜಿಗೆ ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ಮರಮುಟ್ಟು ಬಂತು. ಮರ ಬಂದ ಹಾದಿಯಲ್ಲೇ ಮೈಸೂರು ಸೀಮೆಯ ಜನವೂ ಗುಂಡ್ಲುಪೇಟೆ ದಾಟಿ, ಗೂಡಲೂರು ಘಟ್ಟವನ್ನೋ ಮಸಿನಗುಡಿಯ ಮೇಲಿನ ಸೀಗೂರು ಘಟ್ಟವನ್ನೋ ಹತ್ತಿ ಬರುತ್ತಿತ್ತು. 1848ರಲ್ಲಿ ಮೆಕೈವರನ ಕೈಯಲ್ಲಿ ಸಸ್ಯೋದ್ಯಾನ ಆರಂಭವಾಯಿತು. 1866ರಲ್ಲಿ ಪುರಸಭೆ ಆಯಿತು. ಬೇಸಗೆಯಲ್ಲಿ ಮದರಾಸಿನ ಸರ್ಕಾರವೇ ಕಾಗದಪತ್ರ, ಗುಮಾಸ್ತರು, ಪೇದೆಗಳ ಸಮೇತ ಮೇಲಕ್ಕೆ ಬರುವ ಪದ್ಧತಿ ಬಿದ್ದಿತು. ಮೈಸೂರು ಅರಸರಿಗೂ ಫರ್ನ್‌ಹಿಲ್ಲಿನಲ್ಲಿ ಅರಮನೆಯಿತ್ತು. ಗೂಡಲೂರು ಕಡೆಯ ವಯನಾಡು ಭಾಗ 1877ರಲ್ಲಿ ಜಿಲ್ಲೆಗೆ ಸೇರಿತು. ರೈಲು ಕೂನೂರಿಗೆ 1899ರಲ್ಲಿ, ಉದಕಮಂಡಲಕ್ಕೆ 1908ರಲ್ಲಿ ಬಂತು. 1901ರ ಎಣಿಕೆಯಲ್ಲಿ ಜಿಲ್ಲೆಯ ಜನ 1,11,000ಕ್ಕೂ ಮಿಕ್ಕು. ಪಟ್ಟಣದಲ್ಲಿ 18,500ಕ್ಕೂ ಮಿಕ್ಕು. ಎಂಬತ್ತು ವರ್ಷದ ಹಿಂದೆ ತೊದವರ ಮಂದು ಮಾತ್ರ ಇದ್ದ ಜಾಗ ಅದು.

ಇಷ್ಟು ಜನ ಏನು ಮಾಡಿಕೊಂಡಿದ್ದರು? ಹಿಂದಿನವರು ಖಾನೇಷುಮಾರಿ ಅನ್ನುತ್ತಿದ್ದ ಜನಗಣತಿಯ ಪಟ್ಟಿಗಳನ್ನು ಎಲ್ಲರೂ ಮೊದಲು ನೋಡುತ್ತಾರೆ. ನೋಡಬೇಕಾದ್ದೇ. ಆದರೆ ಅವುಗಳಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಎಣಿಸಿದ ಕಾಲ. 1881ರಲ್ಲಿ ಫೆಬ್ರವರಿ 17, 1891ರಲ್ಲಿ ಫೆಬ್ರವರಿ 26, 1901ರಲ್ಲಿ ಮಾರ್ಚ್ 1. ಬಯಲುಸೀಮೆಗೆ ಅದು ಒಳ್ಳೆಯ ಕಾಲವೇ. ಆದರೆ ಬೆಟ್ಟದ ಪಟ್ಟಣಕ್ಕೆ ಅದು ಬಂಗಲೆಗಳಿಗೆ ಬೀಗ ಬಿದ್ದಿರುವ ಕಾಲ. ದೊರೆಗಳು ಬರುವುದು ಏಪ್ರಿಲ್ಲಿನಲ್ಲಿ. ಆಗ ಜೊತೆಗೆ ಬರುವ ಅಡುಗೆಯವನು, ಆಯಾ, ದೋಬಿ, ಕುದುರೆಯವನು ಇವರೆಲ್ಲ ಎಣಿಕೆಯ ರಾತ್ರಿ ಕೆಳಗೆ ಮದರಾಸಿನಲ್ಲೋ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದರು. ಹೀಗಾಗಿ ಊರಿಗೆ ಹೆಸರು ತಂದ ಕಸುಬುಗಳೇ ಊರಿನ ಪಟ್ಟಿಯಲ್ಲಿ ಕಡಿಮೆಯಾಗಿ ಕಾಣುತ್ತವೆ.

ಎರಡನೆಯದು ಎಣಿಸಿದ ರೀತಿ. 1891ರಲ್ಲಿ ಮನೆಮಂದಿಗೆಲ್ಲ ಅವರು ಯಾವ ಕಸುಬಿನಿಂದ ಜೀವಿಸುತ್ತಾರೋ ಆ ಕಸುಬನ್ನೇ ಬರೆದರು. ದುಡಿಯುವವರು, ಕೂತು ಉಣ್ಣುವವರು ಎಂಬ ಭೇದ ಮಾಡಲಿಲ್ಲ. ಅಗಸನ ಹೆಂಡತಿ ಬಟ್ಟೆ ಒಗೆಯಲಿ ಬಿಡಲಿ, ಲೆಕ್ಕ ಅಗಸನ ಕಸುಬಿಗೇ ಹೋಯಿತು. 1901ರಲ್ಲಿ ಇದನ್ನು ತಿದ್ದಿದರು. ಮುಖ್ಯ ಕಸುಬು, ಉಪಕಸುಬು, ಅವಲಂಬಿಗಳಾದರೆ ಅವರ ಜೀವನೋಪಾಯ ಎಂದು ಮೂರು ಕಾಲಂ ಮಾಡಿದರು. ಹೆಂಗಸರು ಮಕ್ಕಳು ಯಾವುದೇ ಕೆಲಸ ಮಾಡುತ್ತಿದ್ದರೂ ಬರೆಯಬೇಕು, ಅಡುಗೆಯಂಥ ಬರಿಯ ಮನೆಗೆಲಸ ಬೇಡ ಎಂಬುದು ನಿಯಮ. ನಿಯಮವೇನೋ ಸರಿ. ಆದರೆ ಅದರ ಫಲ ನೋಡಿ. ಬಂಗಲೆಯಲ್ಲಿ ದೊರೆಗೆ ಅಡುಗೆ ಮಾಡಿದವನು ಕಸುಬುದಾರ. ಹಿತ್ತಲಿನ ಸಾಲುಮನೆಯಲ್ಲಿ ಅವನಿಗೆ ಅಡುಗೆ ಮಾಡಿ ಹಾಕಿದವಳು ಅವಲಂಬಿ. ಅಡುಗೆ ಮನೆಗೆಲಸವೋ, ಕಸುಬೋ ಎಂಬುದನ್ನು ಒಲೆ ಯಾರ ಮನೆಯದು ಎಂಬುದು ತೀರ್ಮಾನಿಸಿತು. ಮಿಕ್ಕ ಕೆಲಸಗಳ ವಿಷಯದಲ್ಲೂ ಎಣಿಸುವವನು ಬಾಗಿಲಲ್ಲಿ ಕೇಳಿದ್ದು ಯಜಮಾನನನ್ನು.

ಇಲ್ಲಿ ನನಗೆ ವ್ಯಾಕರಣ ನೆನಪಿಗೆ ಬರುತ್ತದೆ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ 3-1-145ನೇ ಸೂತ್ರ ಶಿಲ್ಪಿಗಳಿಗೆ, ಅಂದರೆ ಕೈಕಸುಬಿನವರಿಗೆಂದೇ ಒಂದು ಪ್ರತ್ಯಯ ಹೇಳುತ್ತದೆ. ನರ್ತಕ, ಖನಕ, ರಜಕ ಎಂಬ ರೂಪಗಳು ಅದರಿಂದ ಬರುತ್ತವೆ; ಹೆಂಗಸಾದರೆ ನರ್ತಕೀ, ಖನಕೀ, ರಜಕೀ. ಅಗೆಯುವ ಹೆಂಗಸಿಗೆ ಶಾಸ್ತ್ರದಲ್ಲಿಯೇ ರೂಪವಿದೆ ಎಂಬುದನ್ನು ಗಮನಿಸಬೇಕು. ನಾಲ್ಕನೆಯ ಅಧ್ಯಾಯದಲ್ಲಿ ಪುಂಯೋಗದ ವಿಚಾರ ಬರುತ್ತದೆ. ಪುಂಯೋಗ ಅಂದರೆ ಗಂಡನ ಸಂಬಂಧದಿಂದ ಹೆಂಗಸಿಗೆ ಬರುವ ಹೆಸರು. ಗೋಪನ ಹೆಂಡತಿ ಗೋಪೀ. ಆಚಾರ್ಯನ ಹೆಂಡತಿ ಆಚಾರ್ಯಾನೀ. ತಾನೇ ಪಾಠ ಹೇಳುವವಳಾದರೆ ಆಚಾರ್ಯಾ. ಆದರೆ ಉಪಾಧ್ಯಾಯೀ ಅಂದರೆ ಉಪಾಧ್ಯಾಯನ ಹೆಂಡತಿಯೂ ಆಗಬಹುದು, ಸ್ವತಃ ಕಲಿಸುವವಳೂ ಆಗಬಹುದು. 1891ರ ಪಟ್ಟಿ ಪುಂಯೋಗದ ಪಟ್ಟಿ. 1901ರ ಪಟ್ಟಿ ಆಚಾರ್ಯಾ ಯಾರು, ಆಚಾರ್ಯಾನೀ ಯಾರು ಅಂತ ಬಿಡಿಸಲು ಹೊರಟ ಪಟ್ಟಿ. ಶಾಸ್ತ್ರಕಾರರು ಆಚಾರ್ಯರ ಮನೆಯಲ್ಲಿ ತೋರಿದಷ್ಟು ನಾಜೂಕನ್ನು ರಜಕನ ಮನೆಯಲ್ಲಿ ತೋರಲಿಲ್ಲ. ಅಲ್ಲಿ ಇಬ್ಬರೂ ಒಗೆಯುವವರೇ ಆದ್ದರಿಂದ ಅದರ ಅಗತ್ಯ ಬೀಳಲಿಲ್ಲ ಅಂತ ನಾನು ಭಾವಿಸುತ್ತೇನೆ.

ಕನ್ನಡದ ಹಳೆಯ ಕಸುಬುಗಳೂ ಹಾಗೇ ಜೋಡಿಜೋಡಿಯಾಗಿ ಇವೆ. ಅಗಸ–ಅಗಸಗಿತ್ತಿ, ಕುಂಬಾರ–ಕುಂಬಾರ್ತಿ, ಹೂವಾಡಿಗ–ಹೂವಾಡಗಿತ್ತಿ, ಬಳೆಗಾರ–ಬಳೆಗಾರ್ತಿ, ಒಕ್ಕಲಿಗ–ಒಕ್ಕಲಗಿತ್ತಿ. ಅಗಸಗಿತ್ತಿ ಅಂದರೆ ಅಗಸನ ಹೆಂಡತಿಯೋ ಬಟ್ಟೆ ಒಗೆಯುವವಳೋ ಅಂತ ಯಾರೂ ಕೇಳುವುದಿಲ್ಲ, ಎರಡೂ ಒಂದೇ. ಸೂಲಗಿತ್ತಿಗೆ ಮಾತ್ರ ಗಂಡುರೂಪ ಇಲ್ಲವೇ ಇಲ್ಲ. ದುಡಿಮೆ ಜೋಡಿಯಾಗಿದ್ದ ಕಡೆ ಮಾತೂ ಜೋಡಿಯಾಗಿ ನಿಂತಿತು.

ಇನ್ನು ಬಂಗಲೆಯ ಕಡೆಗೆ ಬನ್ನಿ. ಬಟ್ಲರು, ಕುಕ್ಕು, ಮೇಟಿ, ಚೋಕ್ರ, ಮಾಲಿ, ಪೇದೆ, ದಫೇದಾರ; ತೋಟಗಳಲ್ಲಿ ಮೇಸ್ತ್ರಿ, ರೈಟರು, ಕಂಡಕ್ಟರು. ಈ ಮಾತುಗಳು ಇಂಗ್ಲಿಷಿನಿಂದ, ಪೋರ್ಚುಗೀಸಿನಿಂದ, ಪಾರಸಿಯಿಂದ, ಹಿಂದೂಸ್ಥಾನಿಯಿಂದ ಬಂದವು. ಒಂದಕ್ಕೂ ಹೆಣ್ಣುರೂಪವಿಲ್ಲ. ಆಯಾ ಎಂಬ ಪೋರ್ಚುಗೀಸು ಮಾತಿಗೆ ಗಂಡುರೂಪವಿಲ್ಲ. ‘ಮೇಸ್ತ್ರಿಯಮ್ಮ’ ಅಂದರೆ ಹಿಂದಿನವರ ಬಾಯಲ್ಲಿ ಮೇಸ್ತ್ರಿಯ ಹೆಂಡತಿ, ಅಷ್ಟೇ. ಶುದ್ಧ ಪುಂಯೋಗ. ಸಂಬಳದ ಕೆಲಸ ಗಂಡನದು, ಹೆಂಡತಿಯದು ಸಾಲುಮನೆ ಎಂಬ ಹೊಸ ಏರ್ಪಾಡು ಈ ಮಾತುಗಳ ಜೊತೆಯಲ್ಲೇ ಬಂತು. ಪಟ್ಟಣಕ್ಕೆ ಬಂದ ಸಂಸಾರಗಳಲ್ಲಿ ಹೆಂಗಸು ಕೆಲಸ ಬಿಟ್ಟಳೆಂದಲ್ಲ. ಅವಳು ಮಾಡಿದ ಕೆಲಸಕ್ಕೆ ಪಟ್ಟಣದ ಮಾತಿನಲ್ಲಿ ಹೆಸರು ಸಿಗಲಿಲ್ಲ.

ಕುದುರೆ ಲಾಯದ ದೃಷ್ಟಾಂತ ನೋಡಬಹುದು. ಮದರಾಸು ಆಧಿಪತ್ಯದ ಇಂಗ್ಲಿಷರ ಮನೆಗಳಲ್ಲಿ ಕುದುರೆಗೆ ಒಬ್ಬ ಗಂಡಾಳು, ಅದಕ್ಕೆ ಹುಲ್ಲು ಕೊಯ್ದು ತರಲು ಒಬ್ಬ ಹೆಣ್ಣಾಳು ಇರುತ್ತಿದ್ದರೆಂದು ಜೂಲಿಯಾ ಮೇಟ್‌ಲ್ಯಾಂಡ್ ಎಂಬಾಕೆ ಮದರಾಸಿನಿಂದ ಬರೆದ ಪತ್ರಗಳಲ್ಲಿ ತಮಾಷೆಯಾಗಿ ಹೇಳಿದ್ದಾಳೆ. ಆ ಪತ್ರಗಳು 1843ರಲ್ಲಿ ಪುಸ್ತಕವಾದವು. ಇಂಗ್ಲಿಷಿನಲ್ಲಿ ಇಬ್ಬರಿಗೂ ಬೇರೆ ಬೇರೆ ಉದ್ಯೋಗನಾಮವಿತ್ತು. ನಮ್ಮ ಕಡೆಯ ಹಿರಿಯರು ‘ಕುದುರೆಯವನು’ ಅಂತ ಒಬ್ಬನನ್ನೇ ಹೇಳುತ್ತಿದ್ದರು. ಇನ್ನೊಬ್ಬಳು ಬರಿಯ ‘ಹುಲ್ಲಿನವಳು’. ಹುಲ್ಲಿನವಳು, ಸೌದೆಯವಳು, ನೀರಿನವಳು: ತರುವ ಪದಾರ್ಥದ ಹೆಸರೇ ಅವಳ ಹೆಸರು. ಪದಾರ್ಥ ನಿಂತರೆ ಹೆಸರೂ ನಿಂತುಹೋಗುತ್ತದೆ.

ಪಟ್ಟಣದ ಸುತ್ತಣ ಹಟ್ಟಿಗಳಲ್ಲಿ ಹಂಚಿಕೆ ಬೇರೆ ತರಹ. ಬಡಗರಲ್ಲಿ ಹಾಲು ಕರೆಯುವುದು, ಹಾಲಿನ ಕೋಣೆಯನ್ನು ನೋಡಿಕೊಳ್ಳುವುದು ಗಂಡಸರದು. ಹೊಲದಲ್ಲಿ ಅಗೆತ, ಕಳೆ ಬಹುಮಟ್ಟಿಗೆ ಹೆಮ್ಮಾತಿಯರದು, ಅಂದರೆ ಹೆಂಗಸರದು. ಮೈಸೂರು ಸೀಮೆಯಲ್ಲಿ ಹಾಲು ಕರೆಯುವುದು ಹೆಂಗಸರಿಗೆ ದಿನನಿತ್ಯದ ಕೆಲಸ. ಅಲ್ಲಿಂದ ಬಂದವರಿಗೆ ಇದು ಆಶ್ಚರ್ಯ. ತೊದವರಲ್ಲಂತೂ ಹಾಲುಮನೆ ದೇವರ ಮನೆಯೇ, ಹೆಂಗಸರಿಗೆ ಪ್ರವೇಶವಿಲ್ಲ. ಕೋತರಲ್ಲಿ ಕಮ್ಮಾರಿಕೆ, ಮರಗೆಲಸ, ವಾದ್ಯ ಗಂಡಸರದು. ಮಡಕೆ ಮಾಡುವವರು ಹೆಂಗಸರು. ಬಯಲುಸೀಮೆಯಲ್ಲಿ ಕುಂಬಾರನ ಹೆಂಡತಿ ಕುಂಬಾರ್ತಿ. ಕೋತರ ಕೇರಿಯಲ್ಲಿ ಅವಳೇ ಕುಂಬಾರ್ತಿ, ಅವನು ಕಮ್ಮಾರ. ಪುಂಯೋಗದ ಸೂತ್ರ ಅಲ್ಲಿ ನಡೆಯುವುದಿಲ್ಲ! ಪಟ್ಟಣದ ಅಂಗಡಿಗಳಿಗೆ ಬೇರೆ ಕಡೆಯ ಪಾತ್ರೆ ಪದಾರ್ಥ ಬಂದಂತೆ ಕೋತರ ಮಡಕೆಗೆ ಗಿರಾಕಿ ಕಡಿಮೆಯಾದರು. ಹೊಸ ಬೆಳೆಗಳಾದ ಆಲೂಗೆಡ್ಡೆ, ಕೋಸು ಬಂದಂತೆ ಬಡಗ ಹೆಂಗಸಿನ ಅಗೆತ ಮಾತ್ರ ಹೆಚ್ಚಿತು. ಆದರೂ ಪಟ್ಟಣದ ಮಾರುಕಟ್ಟೆಗೆ ಬಂದು ಬೆಲೆ ಮಾತಾಡಿದ್ದು, ಲೆಕ್ಕದಲ್ಲಿ ‘ರೈತ’ ಅಂತ ಬರೆಸಿಕೊಂಡದ್ದು ಸಾಮಾನ್ಯವಾಗಿ ಗಂಡಸು.

ಗೂಡಲೂರು ಕಡೆ ಕಾಫಿ, ಆಮೇಲೆ ಟೀ. ಮಧ್ಯೆ 1879ರಿಂದ 1882ರವರೆಗೆ ದೇವಾಲ, ಪಂದಲೂರಿನ ಕಡೆ ಚಿನ್ನದ ಹುಚ್ಚು ಎದ್ದು ಇಳಿಯಿತು. ತೋಟಗಳಿಗೆ ಮೈಸೂರು ಸೀಮೆಯಿಂದ ಕನ್ನಡದ ಆಳುಗಳು ಮೇಸ್ತ್ರಿಯ ಮುಂಗಡ ಹಣ ತೆಗೆದುಕೊಂಡು ಬರುತ್ತಿದ್ದರು. ಈ ಮುಂಗಡದ ಕರಾರುಗಳಿಗಾಗಿಯೇ 1903ರಲ್ಲಿ ಮದರಾಸು ತೋಟಗಾರರ ಕೂಲಿ ಕಾಯಿದೆ ಆಯಿತು. ಇಲ್ಲಿ ಕನ್ನಡದ ಒಂದು ಮಾತು ನ್ಯಾಯವಾಗಿ ನಡೆದುಕೊಂಡಿದೆ: ‘ಆಳು’. ಅದು ನಪುಂಸಕದಂತೆ ನಿಂತು ಗಂಡಾಳು, ಹೆಣ್ಣಾಳು ಅಂತ ಎರಡು ಕಡೆಗೂ ಸಮನಾಗಿ ಹೋಗುತ್ತದೆ. ಹೆಣ್ಣಾಳು ಅಂದರೆ ಯಾವ ಆಳಿನ ಹೆಂಡತಿಯೂ ಅಲ್ಲ, ತಾನೇ ದುಡಿಯುವವಳು. ಮಾತು ಸಮನಾಗಿದ್ದರೂ ಕೂಲಿ ಸಮನಾಗಿರಲಿಲ್ಲ, ಹೆಣ್ಣಾಳಿಗೆ ಕಡಿಮೆ. ಆದರೆ ಟೀ ಚಿಗುರು ಕೀಳುವ ಕೈ ಹೆಂಗಸಿನದೇ ಎಂಬುದನ್ನು ತೋಟದ ಹಾಜರಿ ಪುಸ್ತಕ ಮುಚ್ಚಿಡಲಾಗಲಿಲ್ಲ, ಯಾಕಂದರೆ ಅವಳಿಗೆ ಬೇರೆಯಾಗಿ ಬಟವಾಡೆ ಮಾಡಬೇಕಿತ್ತು. ಕೈಗೆ ಕೂಲಿ ಬಿದ್ದ ಕಡೆ ಹೆಂಗಸು ಲೆಕ್ಕದಲ್ಲಿ ಕಂಡಳು.

ಮಸಿನಗುಡಿಯಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕಿಯನ್ನು ನಾನು ಕೇಳಿದ್ದೆ, ನಿಮ್ಮ ತಾಯಿ ಏನು ಕೆಲಸ ಮಾಡುತ್ತಿದ್ದರು ಅಂತ. “ನಮ್ಮವ್ವ ಯಾನ ಕೆಲ್ಸ ಮಾಡಾಳು ಮೇಷ್ಟ್ರೆ, ಮನಲೇ ಇದ್ಲು” ಅಂದಳು. ಸರಿ, ಬೆಳಗ್ಗೆ ಎದ್ದು ಏನು ಮಾಡೋರು ಅಂತ ಕೇಳಿದೆ. ದನ ಬಿಡೋಳು, ಕಾಡಿಗೆ ಹೋಗಿ ಸೌದೆ ತರೋಳು, ಹೊರೆ ಹೊತ್ತು ಬಂಗಲೆಗೆ ಹಾಕೋಳು, ಬೆರಣಿ ತಟ್ಟೋಳು, ಹೆರಿಗೆಗೆ ಕರೆದರೆ ಹೋಗೋಳು. ಇಷ್ಟೂ ಹೇಳಿ ಮುಗಿಸಿ ಮತ್ತೆ “ಕೆಲ್ಸ ಅಂದ್ರ ನಮ್ಮಪ್ಪನದೇಯ, ಪೇದೆ ಕೆಲ್ಸ” ಅಂದಳು. ಕ್ರಿಯಾಪದ ಐದಾರು ಇವೆ, ನಾಮಪದ ಒಂದೂ ಇಲ್ಲ. ಎಣಿಸುವವನ ಕಾಲಂ ನಾಮಪದಕ್ಕೆ ಮಾತ್ರ ಜಾಗ ಕೊಟ್ಟಿತ್ತು. ಮಗಳ ಬಾಯಲ್ಲೂ ಅದೇ ಕಾಲಂ ಬಂದು ಕೂತಿದೆ.

ಆದ್ದರಿಂದ ಈ ಜಿಲ್ಲೆಯಲ್ಲಿ ಕಸುಬಿನ ಪದಕೋಶ ಕೂಡಿಸಲು ಹೊರಟಿರುವ ವಿದ್ವಾಂಸರಲ್ಲಿ ನನ್ನ ವಿನಂತಿ ಹೀಗಿದೆ. ಪ್ರಶ್ನಾವಳಿಯಲ್ಲಿ ‘ಕಸುಬು ಯಾವುದು’ ಅಂತ ಕೇಳಬೇಡಿ. ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತಿದ್ದರು, ಯಾವುದಕ್ಕೆ ದುಡ್ಡು ಬರುತ್ತಿತ್ತು, ದುಡ್ಡು ಯಾರ ಕೈಗೆ ಬರುತ್ತಿತ್ತು ಅಂತ ಕೇಳಿ. ಕ್ರಿಯಾಪದ ಬರೆದುಕೊಳ್ಳಿ: ಕೀಳೋದು, ತಟ್ಟೋದು, ಕೇರೋದು, ಹೊರೋದು. ಬೇಸಗೆಯ ಕೆಲಸ, ಮಳೆಗಾಲದ ಕೆಲಸ ಬೇರೆ ಬೇರೆ ಬರೆಯಿರಿ. ಬಡಗ, ಕೋತ, ಬೆಟ್ಟಕುರುಂಬ, ಮೈಸೂರು ಕನ್ನಡ ಇವುಗಳ ಮಾತನ್ನು ಒಂದೇ ಕಾಲಮಿನಲ್ಲಿ ಬೆರೆಸಬೇಡಿ. ಅದೇ ಕೆಲಸ ಒಂದರಲ್ಲಿ ಗಂಡಸಿನದು, ಇನ್ನೊಂದರಲ್ಲಿ ಹೆಂಗಸಿನದು. ಮತ್ತು ದಯವಿಟ್ಟು ಯಜಮಾನರು ಜಗಲಿಯಲ್ಲಿ ಕೊಡುವ ಉತ್ತರಕ್ಕೆ ನಿಲ್ಲಬೇಡಿ, ಅಡುಗೆಮನೆಯ ಬಾಗಿಲವರೆಗೂ ಹೋಗಿ ಕೇಳಿ. ಸ್ವಾತಂತ್ರ್ಯಕ್ಕೆ ಮುಂಚಿನ ಉದಕಮಂಡಲವನ್ನು ತಾಯಂದಿರ ಬಾಯಿಂದ ಕೇಳಿಸಿಕೊಂಡವರು ಇನ್ನು ಕೆಲವರು ಮಾತ್ರ ಉಳಿದಿದ್ದಾರೆ. ಗಣತಿಯ ಪಟ್ಟಿ ಗ್ರಂಥಾಲಯದಲ್ಲಿ ಇನ್ನೂ ನೂರು ವರ್ಷ ಇರುತ್ತದೆ, ಅದನ್ನು ಆಮೇಲೆ ನೋಡಿದರೂ ನಡೆಯುತ್ತದೆ.