‘ಕಾಗದದ ಹೂ’ಗಳ ಹಿಂದಿನ ಕೈಗಳು

ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯ ಮೇಲೆ ಒಬ್ಬ ಮುದುಕ ಸತ್ತು ಕುಳಿತಿದ್ದಾನೆ. ಬೆಳಿಗ್ಗೆ ಕೆಲಸಕ್ಕೆ ಬಂದವರು ಗಾಬರಿಯಿಂದ ಸುತ್ತ ನೆರೆಯುತ್ತಾರೆ. ಒಂದು ಕಾಲದಲ್ಲಿ ಆ ಕುರ್ಚಿ ಅವನದೇ ಆಗಿತ್ತು. ಆದರೆ ಚಿತ್ರೀಕರಣ ತಡವಾಗುವಂತಿಲ್ಲ. ಹೆಣವನ್ನು ಆಚೆ ಸಾಗಿಸಿ, ದೀಪ ಹಾಕಿ ಎಂದು ಅಪ್ಪಣೆಯಾಗುತ್ತದೆ. 1959ರಲ್ಲಿ ತೆರೆಕಂಡ ಗುರುದತ್ತರ ‘ಕಾಗಜ್ ಕೆ ಫೂಲ್’ ಮುಗಿಯುವುದು ಹೀಗೆ.

ಈ ಚಿತ್ರವನ್ನು ಗುರುದತ್ತರ ಸ್ವಂತ ಬದುಕಿನ ಕಥೆಯೆಂದು ಓದುವುದೇ ರೂಢಿ. ಅವರ ದಾಂಪತ್ಯ, ವಹೀದಾ ರೆಹಮಾನ್ ಹೆಸರಿನೊಂದಿಗೆ ಬೆಸೆದ ವದಂತಿಗಳು, 1964ರಲ್ಲಿ 39ನೆಯ ವಯಸ್ಸಿನಲ್ಲೇ ಬಂದ ಸಾವು, ಎಲ್ಲವನ್ನೂ ಇದಕ್ಕೆ ಗಂಟು ಹಾಕುತ್ತಾರೆ. ನನಗೇನೋ ಈ ಓದು ಚಿತ್ರಕ್ಕೆ ನ್ಯಾಯ ಮಾಡುವುದಿಲ್ಲ ಎನಿಸುತ್ತದೆ. ಚಿತ್ರೋದ್ಯಮ ಹೇಗೆ ನಡೆಯುತ್ತದೆಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಹಿಂದಿ ಚಿತ್ರ ಅದುವರೆಗೆ ಬಂದಿರಲಿಲ್ಲ.

ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಗುರುದತ್ತ್ ಪಡುಕೋಣೆ, 1944ರಲ್ಲಿ ಪುಣೆಯ ಪ್ರಭಾತ್ ಕಂಪೆನಿಗೆ ಸೇರಿದ್ದು ಮೂರು ವರ್ಷಗಳ ಕರಾರಿನ ಮೇಲೆ. ಆಗಿನ ದೊಡ್ಡ ಸ್ಟುಡಿಯೋ ಎಂದರೆ ಒಂದು ಕಾರ್ಖಾನೆಯೇ. ನಟರಿಂದ ಹಿಡಿದು ಬಡಗಿ, ದರ್ಜಿಯವರೆಗೆ ಎಲ್ಲರೂ ಸಂಬಳದವರು. ಯುದ್ಧಕಾಲದಲ್ಲಿ ಹೊಸ ಹಣ ಹಿಡಿದು ಬಂದ ಸ್ವತಂತ್ರ ನಿರ್ಮಾಪಕರು ತಾರೆಯರಿಗೆ ಭಾರಿ ಮೊತ್ತ ಕೊಟ್ಟು ಸೆಳೆದುಕೊಂಡರು. ಬಾಂಬೆ ಟಾಕೀಸ್ 1954ರಲ್ಲಿ ಬಾಗಿಲು ಮುಚ್ಚಿತು. ಪ್ರಭಾತ್‌ನ ಅಂಗಳದಲ್ಲಿ 1960ರಲ್ಲಿ ಸರಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ತೆರೆಯಿತು. ಹಾಗಾಗಿ ‘ಕಾಗಜ್ ಕೆ ಫೂಲ್’ ತೋರಿಸುವುದು ಆಗಲೇ ಕಣ್ಮರೆಯಾಗಿದ್ದ ಒಂದು ಲೋಕವನ್ನು.

ಆ ಲೋಕದಲ್ಲಿ ತಾರೆ ಹುಟ್ಟುವುದು ಒಂದು ತಪ್ಪಿನಿಂದ. ಮಳೆಯ ರಾತ್ರಿ ತನಗೆ ಸಿಕ್ಕಿದ್ದ ಕೋಟನ್ನು ಹಿಂದಿರುಗಿಸಲು ಬಂದ ಶಾಂತಿ, ಅರಿವಿಲ್ಲದೆ ಓಡುತ್ತಿದ್ದ ಕ್ಯಾಮರಾದ ಎದುರು ನಡೆದುಬಿಡುತ್ತಾಳೆ. ಕೆಟ್ಟುಹೋದ ಆ ದೃಶ್ಯವನ್ನು ಪರದೆಯ ಮೇಲೆ ನೋಡಿದ ನಿರ್ದೇಶಕ ಸುರೇಶ್ ಸಿನ್ಹಾಗೆ ತನ್ನ ‘ದೇವದಾಸ್’ನ ಪಾರೋ ಸಿಗುತ್ತಾಳೆ. ಮುಂದೆ ಗಾಳಿಸುದ್ದಿ ಅವನ ಮಗಳ ಶಾಲೆಯವರೆಗೂ ಮುಟ್ಟುತ್ತದೆ. ಸಿನಿಮಾದವನೆಂದರೆ ಮೂಗು ಮುರಿಯುವ ಮಾವನ ಮನೆಯವರು ಆ ಮಗುವನ್ನೇ ಅವನಿಂದ ದೂರ ಮಾಡುತ್ತಾರೆ. ಶಾಂತಿ ಹಳ್ಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅಲ್ಲಿಂದ ಅವಳನ್ನು ಎಳೆದು ತರುವುದು ಪ್ರೀತಿಯಲ್ಲ, ಕಂಪೆನಿಯೊಂದಿಗಿನ ಕರಾರು ಪತ್ರ! ಸುರೇಶನನ್ನಾದರೋ ಸೋತ ಮೇಲೆ ಅದೇ ಕಂಪೆನಿ ಹೊರಹಾಕುತ್ತದೆ. ಕೊನೆಗೆ ದಿನಗೂಲಿಯ ಎಕ್ಸ್‌ಟ್ರಾ ಆಗಿ ಅವನು ಅದೇ ಗೇಟಿನೊಳಗೆ ಬರುತ್ತಾನೆ, ಅದೇ ಶಾಂತಿಯ ಎದುರು ನಟಿಸಲು.

ಇನ್ನು ಈ ಚಿತ್ರವನ್ನು ಕಟ್ಟಿದವರ ಮಾತು. ಬರೆದವರು ಅಬ್ರಾರ್ ಅಲ್ವಿ. ಹಾಡುಗಳು ಕೈಫಿ ಆಜ್ಮಿಯವರವು. ಕ್ಯಾಮರಾ ಹಿಡಿದವರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಿದು. ಅಗಲ ಪರದೆಯಲ್ಲಿ ಇಬ್ಬರನ್ನು ನಿಲ್ಲಿಸಿ, ನಡುವೆ ಉಳಿದ ಖಾಲಿ ಜಾಗವನ್ನೇ ಮಾತಾಡಿಸುವುದು ಅವರ ಮುಂದಿದ್ದ ಸವಾಲು. ಒಂದು ಹಾಡಿಗೆ ಮೇಲಿನಿಂದ ಬೆಳಕಿನ ಕೋಲೊಂದು ಇಳಿದು ಬರಬೇಕಿತ್ತು. ದೀಪಗಳಿಂದ ಅದು ಸಾಧ್ಯವಾಗದು ಎಂದುಕೊಂಡ ಮೂರ್ತಿ ದೊಡ್ಡ ಕನ್ನಡಿಗಳನ್ನು ತರಿಸಿದರು. ಹೊರಗಿನ ಕನ್ನಡಿ ಬಿಸಿಲನ್ನು ಒಳಗೆ ಎಸೆಯಿತು, ಇನ್ನೊಂದು ಅದನ್ನು ನೆಲಕ್ಕೆ ತಿರುಗಿಸಿತು. ಅದರಲ್ಲಿ ತೇಲುವ ಧೂಳಿನ ಕಣಗಳೂ ಕಾಣುತ್ತವೆ. ಇಂದಿಗೂ ಚಿತ್ರದ ಮಾತು ಬಂದಾಗ ಜನ ಮೊದಲು ನೆನೆಯುವುದು ಆ ಬೆಳಕನ್ನೇ.

ಚಿತ್ರ ಮಾತ್ರ ನೆಲಕಚ್ಚಿತು. ಗುರುದತ್ತ್ ಮತ್ತೆಂದೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಮರುವರ್ಷವೇ ಅವರ ಸಂಸ್ಥೆಯ ‘ಚೌದ್‌ವೀ ಕಾ ಚಾಂದ್’ ಗೆದ್ದಿತು. ಅದರ ನಿರ್ದೇಶಕರು ಎಂ. ಸಾದಿಕ್.

ಹೃಷಿಕೇಶ್ ಮುಖರ್ಜಿಯವರ ‘ಗುಡ್ಡಿ’ (1971) ಇದೇ ವಿಷಯವನ್ನು ನಗುನಗುತ್ತಲೇ ಹೇಳಿತು. ಹೀರೋ ಆಗಲು ಮುಂಬಯಿಗೆ ಬಂದು ಎಕ್ಸ್‌ಟ್ರಾ ಆಗಿ ಉಳಿದ ಹುಡುಗನ ಪಾತ್ರದಲ್ಲಿ ಅಸ್ರಾನಿ ಇದ್ದರು. ಸುಟ್ಟು ಹಾಳುಬಿದ್ದ ಸ್ಟುಡಿಯೋದಲ್ಲಿ ನಿಂತು ಧರ್ಮೇಂದ್ರ ಹಳಬರನ್ನು ನೆನೆಯುವ ದೃಶ್ಯ ನಗೆಯ ನಡುವೆ ಗಂಟಲು ಕಟ್ಟಿಸುತ್ತದೆ. ಶ್ಯಾಮ್ ಬೆನಗಲ್‌ರ ‘ಭೂಮಿಕಾ’ (1977) ಇನ್ನೂ ಮುಂದೆ ಹೋಯಿತು. ನಟಿ ಹಂಸಾ ವಾಡ್ಕರ್ ಅವರ ಆತ್ಮಕಥೆಯನ್ನು ಆಧರಿಸಿದ ಅದರ ಚಿತ್ರಕಥೆಯಲ್ಲಿ ಗಿರೀಶ್ ಕಾರ್ನಾಡರ ಕೈಯೂ ಇತ್ತು. ಅಲ್ಲಿ ನಟಿಯ ದುಡಿಮೆಯ ಮೇಲೆ ಗಂಡನ ಮನೆ ನಡೆಯುತ್ತದೆ. ಸಾಕು ಎನ್ನುವ ಹಕ್ಕೇ ಅವಳಿಗಿಲ್ಲ. ಆ ಚಿತ್ರದ ಛಾಯಾಗ್ರಾಹಕ ಗೋವಿಂದ್ ನಿಹಲಾನಿ ಮೂರ್ತಿಯವರ ಸಹಾಯಕರಾಗಿ ಪಳಗಿದವರು.

ತಾರೆಯರಿಗೂ ನಿರ್ದೇಶಕರಿಗೂ ಸಿಗುತ್ತಿದ್ದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಒಬ್ಬ ಛಾಯಾಗ್ರಾಹಕನಿಗೆ ಮೊದಲ ಬಾರಿ ಸಂದದ್ದು 2008ನೆಯ ಸಾಲಿನಲ್ಲಿ, ಮೂರ್ತಿಯವರಿಗೆ. ‘ಕಾಗಜ್ ಕೆ ಫೂಲ್’ ಬಂದು ಆಗಲೇ ಅರ್ಧ ಶತಮಾನ ಕಳೆಯುತ್ತ ಬಂದಿತ್ತು. 2014ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.