ಶಾಸ್ತ್ರದಾನವೂ ಪ್ರತಿಯ ಅನುಮತಿಯೂ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ಜೈನಾಚಾರ್ಯರು ದಾನವನ್ನು ನಾಲ್ಕು ತೆರನಾಗಿ ಹೇಳಿರುವರು. ಇವುಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥವನ್ನು ಬರೆಯಿಸಿ ಯೋಗ್ಯರ ಕೈಗೆ ಸೇರಿಸುವುದು. ಕನ್ನಡನಾಡಿನಲ್ಲಿ ಇದಕ್ಕೆ ಪರಮ ನಿದರ್ಶನಳಾದವಳು ರನ್ನನ ಆಶ್ರಯದಾತೆ, ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಈಕೆಯ ತಂದೆ ಮಲ್ಲಪನೂ ಅವನ ಸೋದರ ಪುನ್ನಮಯ್ಯನೂ. ಆ ಕಾವ್ಯವು ಲುಪ್ತವಾಗದಿರಲೆಂದು ಮಗಳು ಸ್ವದ್ರವ್ಯದಿಂದ ಅದರ ೧೦೦೦ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧವಾಗಿದೆ. ಪೋಷಕನ ಮಗಳೇ ದಾನಿಯಾದುದರಿಂದ ಅಲ್ಲಿ ಅನುಮತಿಯ ಪ್ರಶ್ನೆಯೇ ಏಳುವಂತಿರಲಿಲ್ಲ. ಬೇಕಾದುದು ಓಲೆ, ಲಿಪಿಕಾರ, ಲಿಪಿಕಾರನಿಗೆ ಅನ್ನ ಇಷ್ಟೇ.

ದ್ರವ್ಯವೂ ಲಿಪಿಕಾರರೂ ಇದ್ದು ಅನುಮತಿಯೊಂದು ಅರ್ಧಕ್ಕೆ ನಿಂತರೆ ಏನಾಗುವುದೆಂಬುದನ್ನು ತಿಳಿಯಲು ಮೂಡುಬಿದಿರೆಗೆ ಹೋಗಬೇಕು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯೂ, ಕಷಾಯಪ್ರಾಭೃತದ ಟೀಕೆಯಾದ ಜಯಧವಲೆಯೂ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಹಳೆಯ ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದುಬಂದುವು. ಯಾತ್ರಿಕರು ಅವನ್ನು ಕಂಡು ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. ಮುಂಬಯಿಯ ಶೇಠ್ ಮಾಣಿಕಚಂದರೂ ಸೋಲಾಪುರದ ಶೇಠ್ ಹಿರಾಚಂದ ನೇಮಚಂದರೂ ಈ ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಮನನೊಂದು, ಶ್ರಾವಕರಿಂದ ಚಂದಾ ಎತ್ತಿ, ೧೯ನೆಯ ಶತಮಾನದ ಕೊನೆಯ ದಶಕದಲ್ಲಿ ಪ್ರತಿ ಮಾಡಿಸುವ ಕಾರ್ಯಕ್ಕೆ ಕೈಹಾಕಿದರು. ಬಸದಿಯ ಅಧಿಕಾರಿಗಳು ಒಪ್ಪಿದರು. ಆದರೆ ಆ ಒಪ್ಪಿಗೆ ಬರೆಯುವುದಕ್ಕೆ ಮಾತ್ರ. ಬರೆದುದು ಊರಿನ ಹೊರಗೆ ಹೋಗುವುದಕ್ಕಲ್ಲ. ದಾನಿಗಳ ಹಣದಿಂದ ಒಂದು ಪೆಟ್ಟಿಗೆಯಲ್ಲಿದ್ದ ಗ್ರಂಥವು ಎರಡು ಪೆಟ್ಟಿಗೆಗಳಿಗೆ ಸೇರಿದಂತಾಯಿತು.

ಲಿಪಿಕಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಸಿದ್ಧಪಡಿಸಿಕೊಂಡರು. ಅದು ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿಯನ್ನು ಇಟ್ಟುಕೊಂಡರು. ಅದರಿಂದ ಉತ್ತರದೇಶದ ಹಲವು ಭಂಡಾರಗಳಿಗೆ ಪ್ರತಿಗಳು ಹರಡಿದುವು. ಇದನ್ನು ಚೌರ್ಯವೆನ್ನಬೇಕೋ ಜ್ಞಾನೋದ್ಧಾರವೆನ್ನಬೇಕೋ ಎಂಬ ವಾದವಿದೆ. ಬಾಗಿಲು ನೇರವಾಗಿ ತೆರೆದಿದ್ದರೆ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲವಷ್ಟೆ.

ಈ ಅಡ್ಡದಾರಿಗೆ ತೆತ್ತ ಬೆಲೆಯು ಅಲ್ಪವಲ್ಲ. ಭೇಲಸೆಯ ಶೇಠ್ ಲಕ್ಷ್ಮೀಚಂದ್ರರ ದಾನದಿಂದ ಅಮರಾವತಿಯ ಪ್ರೊಫೆಸರ್ ಹೀರಾಲಾಲ ಜೈನರು ೧೯೩೯ರಲ್ಲಿ ಧವಲೆಯ ಮೊದಲನೆಯ ಸಂಪುಟವನ್ನು ಪ್ರಕಟಿಸಿದಾಗ, ಅವರ ಮುಂದಿದ್ದುದು ಪ್ರತಿಯ ಪ್ರತಿಗೆ ಮಾಡಿದ ಪ್ರತಿ. ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದವು ಬಿಟ್ಟುಹೋಗಿರಬೇಕೆಂದು ಸಂಪಾದಕರು ಅರ್ಥಬಲದಿಂದ ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರಿಗೆ ಸಂಯಮವು ಸಲ್ಲುವುದೋ ಇಲ್ಲವೋ ಎಂಬ ಹಳೆಯ ವಿವಾದಕ್ಕೆ ಆ ಮೂರಕ್ಷರಗಳೇ ಆಧಾರವಾದುದರಿಂದ ಪಂಡಿತರಲ್ಲಿ ದೊಡ್ಡ ಕೋಲಾಹಲವೆದ್ದಿತು. ತರುವಾಯ ಮೂಡುಬಿದಿರೆಯವರು ಉದಾರಮನಸ್ಸಿನಿಂದ ಮೂಲದೊಡನೆ ಹೋಲಿಸಲು ಅವಕಾಶವನ್ನಿತ್ತಾಗ, ತಾಳೆಯೋಲೆಯಲ್ಲಿ ಆ ಪದವು ಇದ್ದೇ ಇದ್ದಿತು! ೧೬ನೆಯ ಸಂಪುಟದೊಡನೆ ಮುದ್ರಣವು ೧೯೫೮ರಲ್ಲಿ ಮುಗಿಯಿತು.

ಆ ಹೊತ್ತಿಗೆ ಅನುಮತಿಯೆಂಬುದು ಬಸದಿಯ ಬೀಗದಿಂದ ಕಾಯಿದೆಯ ಪುಟಕ್ಕೆ ಬಂದಿದ್ದಿತು. ೧೯೫೭ರ ಕೃತಿಸ್ವಾಮ್ಯ ಶಾಸನದಂತೆ ಗ್ರಂಥಕರ್ತನು ತೀರಿಕೊಂಡು ೬೦ ವರ್ಷಗಳು ಕಳೆಯುವವರೆಗೆ, ಹಕ್ಕುದಾರರ ಒಪ್ಪಿಗೆಯಿಲ್ಲದೆ ಅವನ ಕೃತಿಯನ್ನು ಮರುಮುದ್ರಿಸುವಂತಿಲ್ಲ. ಈಗ ಯಂತ್ರದಿಂದ ಸಾವಿರ ಪ್ರತಿ ತೆಗೆಯಲು ಕ್ಷಣವೂ ಬೇಡ. ಅತ್ತಿಮಬ್ಬೆಗೆ ಸುಲಭವಾಗಿದ್ದುದು ದುರ್ಲಭವಾಯಿತು, ದುರ್ಲಭವಾಗಿದ್ದುದು ಸುಲಭವಾಯಿತು. ಈ ತೊಡಕನ್ನು ಬಿಡಿಸಲು ೨೦೦೧ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಂಸ್ಥೆಯು, ಹಕ್ಕುದಾರನು ತನ್ನ ಅನುಮತಿಯನ್ನು ಎಲ್ಲರಿಗೂ ಒಮ್ಮೆಗೇ ಬರೆದುಕೊಡುವ ಪತ್ರಗಳನ್ನು ೨೦೦೨ರ ಡಿಸೆಂಬರಿನಲ್ಲಿ ಹೊರಡಿಸಿತು. ಆ ಪತ್ರಗಳಿಗೆ ಬೆಲೆಯಿಲ್ಲ. ಅವುಗಳ ನ್ಯಾಯಶಾಸ್ತ್ರೀಯ ಕಾರ್ಯಕ್ಕೆ ವೆಚ್ಚವುಂಟು. ಆದುದರಿಂದ ೨೦೦೫ರಲ್ಲಿ ಸಂಸ್ಥೆಯು ಸಾರ್ವಜನಿಕರಿಂದ ಚಂದಾ ಎತ್ತುವ ಕ್ರಮವನ್ನು ಆರಂಭಿಸಿತು. ಇಂಥ ಚಂದಾಕ್ಕೆ ದಾನಿಗಳು ದೊರೆಯುವುದು ಕಷ್ಟವೇ ಸರಿ. ಹೆಸರು ಕೆತ್ತಿಸಿದ ಕಪಾಟನ್ನು ಕೊಡುವವರಿಗೆ ಅದು ಕಣ್ಣಿಗೆ ಕಾಣುತ್ತದೆ, ಅನುಮತಿಯು ಕಾಣುವುದಿಲ್ಲ.

ಕನ್ನಡದಲ್ಲಿ ಅದರ ಫಲವನ್ನು ನೋಡಬೇಕಾದರೆ ನಿರಂಜನರ ಗ್ರಂಥಗಳಿವೆ. ಅವರು ೧೯೯೨ರಲ್ಲಿ ತೀರಿಕೊಂಡವರಾದುದರಿಂದ ಕಾಯಿದೆಯ ಪ್ರಕಾರ ಅವರ ಕೃತಿಗಳು ೨೦೫೨ರ ಕೊನೆಯವರೆಗೆ ಕಟ್ಟುಪಾಡಿನಲ್ಲಿರತಕ್ಕವು. ಅವರ ಪುತ್ರಿ ತೇಜಸ್ವಿನಿ ನಿರಂಜನ ಅವರು ೨೦೧೪ರಲ್ಲಿ ಐವತ್ತಕ್ಕೂ ಮೇಲ್ಪಟ್ಟ ಗ್ರಂಥಗಳನ್ನು ಇಂಥ ಪತ್ರದ ಮೂಲಕ ಬಿಟ್ಟುಕೊಟ್ಟರು. ಕರ್ತೃವಿನ ಹೆಸರನ್ನು ಹೇಳಬೇಕು, ಮಾರ್ಪಡಿಸಿದುದನ್ನೂ ಅದೇ ನಿಯಮದಲ್ಲಿ ಬಿಟ್ಟುಕೊಡಬೇಕು ಎಂಬಿಷ್ಟೇ ಅದರ ಕರಾರು. ಶಾಂತಿಪುರಾಣದಂತೆ ಇಲ್ಲಿಯೂ ತಂದೆಯಿಂದ ಬಂದುದನ್ನು ಹಂಚಿದವಳು ಮಗಳು.